ಬೆನ್ನಿಗೆ ಗೋಡೆ, ಕಣ್ಣಿಗೆ ಬಾಗಿಲು

ಪ್ರಶ್ನೆ: ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುತ್ತಿದ್ದ ನಾನು ಈಗ ವಾರದಲ್ಲಿ 4 ದಿನ ಕ್ಯಾತಸಂದ್ರದ ಮನೆಯಿಂದಲೇ ಕೆಲಸ ಮಾಡುತ್ತೇನೆ. ಕೋಣೆ ಪೂರ್ವ-ಪಶ್ಚಿಮ 10 ಅಡಿ, ಉತ್ತರ-ದಕ್ಷಿಣ 9 ಅಡಿ ಇದೆ. ಬಾಗಿಲು ಪೂರ್ವದ ಗೋಡೆಯಲ್ಲಿ, ಈಶಾನ್ಯ ಮೂಲೆಯ ಹತ್ತಿರ. ಪಶ್ಚಿಮದ ಕಿಟಕಿಗೆ ತಾಗಿದಂತೆ ಮೇಜು ಹಾಕಿಕೊಂಡಿದ್ದೇನೆ. ದಕ್ಷಿಣಕ್ಕೆ ಮುಖ ಮಾಡಬೇಕೆಂದು ಫೆಂಗ್ ಶುಯಿ ಬಲ್ಲವರೊಬ್ಬರು ಹೇಳಿದರು. ವಾಸ್ತು ಪ್ರಕಾರ ಅದು ಕೂಡದು, ಉತ್ತರ ಇಲ್ಲವೇ ಪೂರ್ವ ಎನ್ನುತ್ತಾರೆ ಮಾವನವರು. ಯಾರ ಮಾತು ಕೇಳಲಿ?
– ಓದುಗರೊಬ್ಬರು, ತುಮಕೂರು

ಉತ್ತರ: ಈ ಒಂದು ವಿಷಯದಲ್ಲಿ ಮಾವನವರ ಮಾತನ್ನೇ ಕೇಳಿ, ಹಾಗೆ ಕೇಳಿದರೆ ಫೆಂಗ್ ಶುಯಿಯನ್ನು ಮೀರಿದಂತೇನೂ ಆಗುವುದಿಲ್ಲ.

ಫೆಂಗ್ ಎಂದರೆ ಗಾಳಿ, ಶುಯಿ ಎಂದರೆ ನೀರು. ಹೆಸರೇ ಹೇಳುವಂತೆ ಅದು ಚೀನಾದ ನೆಲ, ಗಾಳಿ, ನೀರುಗಳನ್ನು ನೋಡಿ ಬೆಳೆದ ಪದ್ಧತಿ. ಚಳಿಗಾಲದಲ್ಲಿ ಉತ್ತರದಿಂದ ಕೊರೆಯುವ ಗಾಳಿ ಬೀಸುವ, ಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣಕ್ಕೇ ಇರುವ ಬೀಜಿಂಗ್‌ನಂತಹ ಊರಿನಲ್ಲಿ ಉತ್ತರಕ್ಕೆ ಬೆನ್ನು ಕೊಟ್ಟು ದಕ್ಷಿಣಕ್ಕೆ ಮುಖ ಮಾಡುವುದು ಅನುಭವದ ಮಾತು. ಬೀಜಿಂಗ್ ಸುಮಾರು 40 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದ್ದರೆ ತುಮಕೂರು ಸುಮಾರು 13 ಡಿಗ್ರಿಯಲ್ಲಿದೆ. ಮೇ, ಜೂನ್, ಜುಲೈ ತಿಂಗಳುಗಳಲ್ಲಿ ನಡುಹಗಲಿನ ಸೂರ್ಯ ನಮಗೆ ಉತ್ತರದ ಕಡೆಗೇ ಇರುತ್ತಾನೆ. ಕಾರಣವನ್ನು ಅಲ್ಲಿಯೇ ಬಿಟ್ಟು ನಿಯಮವನ್ನು ಮಾತ್ರ ಇಲ್ಲಿಗೆ ಹೊತ್ತು ತಂದರೆ ಏನು ಪ್ರಯೋಜನ?

ಎರಡು ಶಾಸ್ತ್ರಗಳನ್ನು ಕಲಸಬಾರದು ಎನ್ನಲು ಇನ್ನೊಂದು ಕಾರಣವೂ ಇದೆ. ವಾಸ್ತುವಿನ ಪಂಚಭೂತಗಳು ನಮಗೆ ಗೊತ್ತಿರುವವೇ. ಫೆಂಗ್ ಶುಯಿಯ ಐದು ತತ್ತ್ವಗಳಲ್ಲಿ ವಾಯುವೂ ಆಕಾಶವೂ ಇಲ್ಲ, ಅವುಗಳ ಬದಲು ಮರ ಮತ್ತು ಲೋಹ ಇವೆ. ವಾಸ್ತು ಅಗ್ನಿಯನ್ನು ಆಗ್ನೇಯದಲ್ಲಿಟ್ಟರೆ ಫೆಂಗ್ ಶುಯಿ ದಕ್ಷಿಣದಲ್ಲಿಡುತ್ತದೆ. ನೀರಿಗೆ ಇಲ್ಲಿ ಈಶಾನ್ಯ, ಅಲ್ಲಿ ಉತ್ತರ. ಎರಡೂ ನಕ್ಷೆಗಳನ್ನು ಒಂದೇ ಕೋಣೆಯ ಮೇಲೆ ಹಾಸಿದರೆ ಕುರ್ಚಿಗೆ ಜಾಗ ಉಳಿಯುವುದಿಲ್ಲ.

ಆದರೆ ಊರು ಬದಲಾದರೂ ಕೆಡದ ಒಂದು ಸೂತ್ರ ಫೆಂಗ್ ಶುಯಿಯಲ್ಲಿದೆ: ಕೂರುವವರ ಬೆನ್ನ ಹಿಂದೆ ಗಟ್ಟಿ ಗೋಡೆ ಇರಬೇಕು, ಬಾಗಿಲು ಕಣ್ಣಿಗೆ ಬೀಳಬೇಕು, ಆದರೆ ಕುರ್ಚಿ ಬಾಗಿಲಿಗೆ ನೇರವಾಗಿರದೆ ಓರೆಯಾಗಿರಬೇಕು. ನಿಮ್ಮ ಈಗಿನ ವ್ಯವಸ್ಥೆ ತಪ್ಪುವುದು ಇಲ್ಲಿಯೇ. ಬಾಗಿಲಿಗೆ ಬೆನ್ನು ಹಾಕಿ ಕುಳಿತವರು ಹಿಂದೆ ಯಾರು ಬಂದರೋ ಎಂದು ಹೊರಳಿ ನೋಡುತ್ತಲೇ ಇರಬೇಕಾಗುತ್ತದೆ; ಅದಕ್ಕೆ ‘ಚಿ’ ಎಂಬ ಪ್ರಾಣಶಕ್ತಿಯ ವಿವರಣೆ ಬೇಕಿಲ್ಲ, ಮಕ್ಕಳಿರುವ ಮನೆಯಾದರೆ ಸಾಕು.

ಕುರ್ಚಿಯನ್ನು ದಕ್ಷಿಣದ ಗೋಡೆಯ ಕಡೆಗೆ, ಸ್ವಲ್ಪ ನೈಋತ್ಯಕ್ಕೆ ಸರಿಸಿ, ಉತ್ತರಕ್ಕೆ ಮುಖ ಮಾಡಿ. ಕುರ್ಚಿಗೆ 3 ಅಡಿ, ಮೇಜಿಗೆ 2 ಅಡಿ ಹೋದರೂ ಎದುರಿಗೆ 4 ಅಡಿ ಉಳಿಯುತ್ತದೆ. ಬಾಗಿಲು ಬಲಗಡೆ ಓರೆಯಾಗಿ ಕಾಣುತ್ತದೆ, ಕಿಟಕಿಯ ಬೆಳಕು ಎಡದಿಂದ ಬರುತ್ತದೆ. ಬಲಗೈಯಲ್ಲಿ ಬರೆಯುವವರಾದರೆ ಕೈಯ ನೆರಳು ಕಾಗದದ ಮೇಲೆ ಬೀಳದು. ವಿಡಿಯೋ ಸಭೆಯಲ್ಲಿ ಮುಖವೂ ಕಪ್ಪಾಗದು, ಏಕೆಂದರೆ ಕಿಟಕಿ ಬೆನ್ನ ಹಿಂದಿರುವುದಿಲ್ಲ. ಮಾವನವರಿಗೆ ಉತ್ತರ ದಿಕ್ಕೂ ಸಿಕ್ಕಿತು, ವಾಸ್ತು ಹೇಳುವಂತೆ ನೈಋತ್ಯದಲ್ಲಿ ಭಾರವೂ ಕೂತಿತು. ಮಾರ್ಚ್-ಏಪ್ರಿಲ್‌ನ ಇಳಿಹೊತ್ತಿನ ಬಿಸಿಲಿಗೆ ಮಾತ್ರ ಕಿಟಕಿಗೆ ದಪ್ಪ ಪರದೆ ಬೇಕು. ವೈರುಗಳನ್ನು ಗೋಡೆಯ ಬುಡದಲ್ಲಿಯೇ ಎಳೆಸಿ. ಎಡವಿ ಬೀಳುವುದಕ್ಕೆ ಯಾವ ಶಾಸ್ತ್ರವೂ ಪರಿಹಾರ ಹೇಳಿಲ್ಲ.

ಪ್ರಶ್ನೆ: ಏಳಿಗೆಗೆಂದು ಕಂಪ್ಯೂಟರ್ ಪಕ್ಕ ಇಡಲು ಪುಟ್ಟ ಕಾರಂಜಿ ಮತ್ತು ‘ಲಕ್ಕಿ ಬಿದಿರು’ ಕೊಂಡಿದ್ದೇನೆ. ಸರಿಯೇ?
– ಓದುಗರೊಬ್ಬರು, ಚಿಕ್ಕಬಳ್ಳಾಪುರ

ಉತ್ತರ: ಅದು ಬಿದಿರೇ ಅಲ್ಲ, ಡ್ರಸೀನಾ ಜಾತಿಗೆ ಸೇರಿದ, ಮಧ್ಯ ಆಫ್ರಿಕಾ ಮೂಲದ ಗಿಡ. ನೋಡಲು ಚೆಂದ, ನೇರ ಬಿಸಿಲೂ ಬೇಡ, ಆದ್ದರಿಂದ ಇಟ್ಟುಕೊಳ್ಳಿ. ಸೊಳ್ಳೆ ಮೊಟ್ಟೆ ಇಡದಂತೆ ವಾರಕ್ಕೊಮ್ಮೆ ನೀರು ಬದಲಿಸಿ. ಕಾರಂಜಿಯನ್ನು ಯುಪಿಎಸ್ ಮತ್ತು ಪ್ಲಗ್ಗುಗಳ ಹತ್ತಿರ ಇಡಲೇಬೇಡಿ, ಹಜಾರಕ್ಕೆ ಸಾಗಿಸಿ.