ಹಳೇ ಪ್ರಿನ್ಸ್ ಆಫ್ ಪರ್ಷಿಯಾ ಗೇಮ್‌ನ ಫ್ಯಾನ್ ರಿಮೇಕ್ ಮಾಡಿ ಫ್ರೀಯಾಗಿ ಕೊಟ್ಟರೆ ಕಾಪಿರೈಟ್ ತೊಂದರೆ ಬರುತ್ತಾ?

ನೀವು ಹೇಳಿರುವುದು ಇಷ್ಟು: ಮೂವರು ಗೆಳೆಯರು ಸೇರಿ 1989ರ ಪ್ರಿನ್ಸ್ ಆಫ್ ಪರ್ಷಿಯಾವನ್ನು ಮೊದಲಿಂದ ಕಟ್ಟುತ್ತಿದ್ದೀರಿ. ಕೋಡ್ ನಿಮ್ಮದೇ, ಚಿತ್ರಗಳೂ ಹೊಸವು. ಹೆಸರು, ಕಥೆ, ಲೆವೆಲ್‌ಗಳು, ಟ್ಯೂನ್ ಹಳೆಯವೇ. ದುಡ್ಡು ತಗೊಳ್ಳಲ್ಲ, ಕೆಳಗೆ ‘ಎಲ್ಲ ಹಕ್ಕೂ ಮೂಲ ಮಾಲೀಕರದ್ದು’ ಅಂತ ಹಾಕುತ್ತೀರಿ. ಮೂಲ ಗೇಮಿನ ಸೋರ್ಸ್ ಕೋಡ್ ಹೇಗೂ ಕೋಡ್ ಹಂಚಿಕೊಳ್ಳುವ ವೆಬ್‌ಸೈಟ್ ಗಿಟ್‌ಹಬ್‌ನಲ್ಲಿ ಇದೆ, ಅಂದ ಮೇಲೆ ತೊಂದರೆ ಇಲ್ಲ ಅಲ್ವಾ ಅಂತ ಕೇಳಿದ್ದೀರಿ.

ತೊಂದರೆ ಇದೆ. ನಾನು ವಕೀಲನಲ್ಲ, ಗೇಮ್ ಪ್ರೋಗ್ರಾಮರ್. ಆದರೂ ಇದನ್ನು ಖಚಿತವಾಗಿ ಹೇಳಬಲ್ಲೆ.

ಮೊದಲು ಗಿಟ್‌ಹಬ್ ವಿಷಯ. ಆ ಗೇಮ್ ಮಾಡಿದ ಜೋರ್ಡನ್ ಮೆಕ್ನರ್ 2012ರಲ್ಲಿ ಅದರ ಆಪಲ್ 2 ಕಂಪ್ಯೂಟರ್ ಆವೃತ್ತಿಯ ಕೋಡ್ ಹಾಕಿದ್ದು ನಿಜ. ಆದರೆ ಅಲ್ಲಿರುವ ರೀಡ್‌ಮೀ, ಅಂದರೆ ಕೋಡ್ ಜೊತೆಗಿನ ಟಿಪ್ಪಣಿ, ಪೂರ್ತಿ ಓದಿ. ಕೋಡ್ ಓದಲಿ, ಬದಲಿಸಲಿ, ಓಡಿಸಿ ನೋಡಲಿ, ನನ್ನ ಅಭ್ಯಂತರವಿಲ್ಲ ಅಂತ ಅವರು ಬರೆದಿದ್ದಾರೆ. ಅದರ ಬೆನ್ನಿಗೇ, ಇದರಿಂದ ಪ್ರಿನ್ಸ್ ಆಫ್ ಪರ್ಷಿಯಾದ ಯಾವ ಹಕ್ಕೂ ನಿಮಗೆ ಬರುವುದಿಲ್ಲ, ಆ ಹೆಸರಿನ ಗೇಮ್ ಮಾಡಿ ಹಂಚುವ ಹಕ್ಕು ಯೂಬಿಸಾಫ್ಟ್ ಕಂಪನಿಗೆ ಮಾತ್ರ ಅಂತಲೂ ಬರೆದಿದ್ದಾರೆ. ಯೂಬಿಸಾಫ್ಟ್ ಅದನ್ನು ಮರೆತು ಕೂತಿಲ್ಲ. 2024ರಲ್ಲೂ ಅದೇ ಹೆಸರಿನಲ್ಲಿ ಹೊಸ ಗೇಮ್ ತಂದಿದೆ.

ಇನ್ನು ‘ಫ್ರೀ’ ಅನ್ನುವುದು. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಯೇ. ಗೊತ್ತಿದ್ದೂ ಹಕ್ಕು ಮೀರಿದರೆ 63ನೇ ಸೆಕ್ಷನ್ ಪ್ರಕಾರ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ. ವ್ಯಾಪಾರದ ಲಾಭಕ್ಕೆ ಮಾಡಿಲ್ಲ ಅಂದರೆ ವಿಶೇಷ ಕಾರಣ ಕೊಟ್ಟು ಕೋರ್ಟ್ ಶಿಕ್ಷೆ ಇಳಿಸಬಹುದು. ಅಷ್ಟೇ, ತಪ್ಪು ತಪ್ಪೇ. ಮನೆಯಲ್ಲಿ ಕೂತು ಕಲಿಯಲಿಕ್ಕೆ ಮಾಡಿಕೊಂಡರೆ ಯಾರೂ ಕೇಳುವುದಿಲ್ಲ. ಲೋಕಕ್ಕೆಲ್ಲ ಡೌನ್‌ಲೋಡ್‌ಗೆ ಇಟ್ಟರೆ ಮಾತು ಬೇರೆ. ‘ಹಕ್ಕು ಮಾಲೀಕರದ್ದು’ ಅನ್ನುವ ಸಾಲಿನಿಂದ ಉಪಯೋಗವಿಲ್ಲ. ಅದು ಬೇರೆಯವರ ಸೊತ್ತು ಅಂತ ನಿಮಗೆ ಗೊತ್ತಿತ್ತು ಅನ್ನುವುದಕ್ಕೆ ನೀವೇ ಬರೆದುಕೊಟ್ಟ ಹಾಗಾಗುತ್ತದೆ.

ಕೋಡ್ ನಮ್ಮದೇ ಅನ್ನುವ ಮಾತೂ ಪೂರ್ತಿ ಕಾಯುವುದಿಲ್ಲ. ಟೆಟ್ರಿಸ್ ಹೋಲ್ಡಿಂಗ್ ಮತ್ತು ಕ್ಸಿಯೋ ಕೇಸಿನಲ್ಲಿ ಕ್ಸಿಯೋ ಕಂಪನಿ ಕೂಡ ಸ್ವಂತ ಕೋಡ್ ಬರೆದಿತ್ತು. ಆದರೂ ಗೇಮ್ ನೋಡಲು ಟೆಟ್ರಿಸ್ ತರಹವೇ ಇದೆ ಅಂತ 2012ರಲ್ಲಿ ಅಮೆರಿಕದ ಕೋರ್ಟ್ ಅದರ ವಿರುದ್ಧ ತೀರ್ಪು ಕೊಟ್ಟಿತು.

ಹಾಗಾದರೆ ಯಾವುದು ಯಾರದ್ದು? ನಾಲ್ಕನೇ ಲೆವೆಲ್ ನೆನಪಿದೆಯಾ? ಬಾಗಿಲ ದಾರಿಗೆ ಅಡ್ಡ ಒಂದು ಕನ್ನಡಿ ನಿಂತಿರುತ್ತದೆ. ಓಡಿಬಂದು ಅದರೊಳಗೆ ಹಾರಬೇಕು. ಹಾರಿದ ತಕ್ಷಣ ಆ ಕಡೆಯಿಂದ ನಿಮ್ಮದೇ ನೆರಳು ಹಾರಿ ಓಡುತ್ತದೆ, ನಿಮ್ಮ ಜೀವ ಒಂದಕ್ಕೆ ಇಳಿಯುತ್ತದೆ. ಮುಂದೆ ಅದೇ ನೆರಳು ನಿಮ್ಮ ಔಷಧಿ ಕುಡಿಯುತ್ತದೆ, ಗೇಟ್ ಹಾಕುತ್ತದೆ. ಕೊನೆಗೆ ಕತ್ತಿಯನ್ನು ಒರೆಗೆ ಹಾಕಿದರೆ ಮಾತ್ರ ಇಬ್ಬರೂ ಒಂದಾಗುತ್ತೀರಿ. ನಾಯಕನ ನೆರಳೇ ಅವನಿಗೆ ಶತ್ರುವಾಗುವುದು ಬರೀ ಐಡಿಯಾ, ಅದಕ್ಕೆ ಮಾಲೀಕರಿಲ್ಲ. ಅರವತ್ತು ನಿಮಿಷದ ಗಡಿಯಾರ, ಕಾಲಿಟ್ಟರೆ ಬೀಳುವ ಹಾಸುಗಲ್ಲು, ನೆಲದಿಂದ ಏಳುವ ಮುಳ್ಳು, ಇವೂ ಹಾಗೆಯೇ. ಆದರೆ ಆ ಕನ್ನಡಿ, ಆ ಹಾರಿಕೆ, ಆ ಔಷಧಿ ಕುಡಿತ ಇದೇ ಸಾಲಿನಲ್ಲಿ, ಅದೇ ಹನ್ನೆರಡು ಲೆವೆಲ್‌ಗಳ ನಕ್ಷೆಯಲ್ಲಿ ಬಂದರೆ ಅದು ಅವರ ಕೃತಿ. ಚಿತ್ರ ಹೊಸದಾಗಿ ಬರೆದರೂ ಅಷ್ಟೇ. ಸಂಗೀತ ಮೆಕ್ನರ್ ಅವರ ತಂದೆ ಫ್ರಾನ್ಸಿಸ್ ಮಾಡಿದ್ದು. ನೀವು ಕೀಬೋರ್ಡಿನಲ್ಲಿ ಮತ್ತೆ ನುಡಿಸಿದರೂ ಟ್ಯೂನ್ ಅವರದ್ದೇ.

ಜೈಲಿಗೆ ಹೋಗುತ್ತೀರಿ ಅಂತ ಹೆದರಿಸುತ್ತಿಲ್ಲ. ನನಗೆ ಚಿಂತೆ ನಿಮ್ಮ ಶ್ರಮದ್ದು. ಅರ್ಜೆಂಟೀನಾದ ಮಿಲ್ಟನ್ ಗುವಾಸ್ಟಿ ಸುಮಾರು ಹತ್ತು ವರ್ಷ ಕೂತು ನಿಂಟೆಂಡೊ ಕಂಪನಿಯ ಮೆಟ್ರಾಯ್ಡ್ 2 ಗೇಮಿನ ರಿಮೇಕ್ ಮಾಡಿದರು. 2016ರ ಆಗಸ್ಟ್‌ನಲ್ಲಿ ಫ್ರೀಯಾಗಿ ಬಿಟ್ಟರು, ಆಡಿದವರೆಲ್ಲ ಕೊಂಡಾಡಿದರು. ಕೆಲವೇ ದಿನದಲ್ಲಿ ನಿಂಟೆಂಡೊ ಡೌನ್‌ಲೋಡ್ ಲಿಂಕ್‌ಗಳನ್ನು ತೆಗೆಸಿತು. ಮರುವರ್ಷ ಅದೇ ಗೇಮಿನ ಅಧಿಕೃತ ರಿಮೇಕ್ ಬಂತು. ಗುವಾಸ್ಟಿಗೆ ಅದೇ ಕೆಲಸ ನೋಡಿ ಮುಂದೆ ಮೂನ್ ಸ್ಟುಡಿಯೋಸ್ ಅನ್ನುವ ಗೇಮ್ ಕಂಪನಿಯಲ್ಲಿ ನೌಕರಿ ಸಿಕ್ಕಿತು, ಆ ಮಾತು ಬೇರೆ. ಎಲ್ಲರಿಗೂ ಹಾಗಾಗುವುದಿಲ್ಲ. ಗೇಮ್ ತೆಗೆಯಿರಿ ಅಂತ ನೋಟಿಸ್ ಬಂದರೆ ನೀವು ಎದುರು ನೋಟಿಸ್ ಕೊಡಬಹುದು. ಆದರೆ ಅದರಲ್ಲಿ ನಿಮ್ಮ ನಿಜವಾದ ಹೆಸರು, ವಿಳಾಸ ಕೊಟ್ಟು, ಅಮೆರಿಕದ ಕೋರ್ಟಿನ ಅಧಿಕಾರಕ್ಕೆ ಒಪ್ಪುತ್ತೇನೆ ಅಂತ ಬರೆಯಬೇಕು. ಕಾಲೇಜು ಹುಡುಗರು ಅದಕ್ಕೆ ಕೈ ಹಾಕುವುದು ಬೇಡ.

ವಾಲ್ವ್ ಕಂಪನಿ ತನ್ನ ಹಾಫ್-ಲೈಫ್ ಗೇಮಿನ ಫ್ಯಾನ್ ರಿಮೇಕ್ ಬ್ಲ್ಯಾಕ್ ಮೆಸಾಕ್ಕೆ ಒಪ್ಪಿಗೆ ಕೊಟ್ಟು ತನ್ನ ಆನ್‌ಲೈನ್ ಗೇಮ್ ಅಂಗಡಿ ಸ್ಟೀಮ್‌ನಲ್ಲಿ ಮಾರಲೂ ಬಿಟ್ಟಿತು. ಅಲ್ಲಿ ಮಾಲೀಕರೇ ಹೂಂ ಅಂದಿದ್ದರು. ಗಿಟ್‌ಹಬ್‌ನಲ್ಲಿ ಎಸ್‌ಡಿಎಲ್‌ಪಾಪ್ ಅನ್ನುವ ಪ್ರಿನ್ಸ್ ಆಫ್ ಪರ್ಷಿಯಾದ ಫ್ಯಾನ್ ಆವೃತ್ತಿ ವರ್ಷಗಟ್ಟಲೆ ಇದೆಯಲ್ಲ ಅಂತ ಯಾರಾದರೂ ಹೇಳಬಹುದು. ಯಾರೂ ತಡೆದಿಲ್ಲ ಅಂದರೆ ಒಪ್ಪಿಗೆ ಕೊಟ್ಟ ಹಾಗಲ್ಲ. ಅದು ಹಳೇ ಪಿಸಿಗಳ ಡಾಸ್ ಆವೃತ್ತಿಯ ಪ್ರೋಗ್ರಾಂ ಅನ್ನೇ ಬಿಚ್ಚಿ ಮಾಡಿದ್ದು, ಅದರಿಂದ ಒಂದು ಸಾಲನ್ನೂ ನಿಮ್ಮ ಕೋಡಿಗೆ ತರಬೇಡಿ.

ನನ್ನ ಸಲಹೆ ಇಷ್ಟೇ: ಎಂಜಿನ್, ಅಂದರೆ ಗೇಮ್ ನಡೆಸುವ ಕೋಡ್, ಇಟ್ಟುಕೊಳ್ಳಿ, ಪ್ರಿನ್ಸ್‌ನನ್ನು ಬಿಡಿ. ಓಡಾಟ, ಜಿಗಿತ, ಅಂಚಿಗೆ ನೇತಾಡುವುದು ನೀವೇ ಬರೆದಿದ್ದೀರಿ, ಅದು ಪೂರ್ತಿ ನಿಮ್ಮದು. ಮೆಕ್ನರ್ ತಮ್ಮ ತಮ್ಮನನ್ನು ಓಡಿಸಿ, ಹಾರಿಸಿ, ವಿಡಿಯೋ ತೆಗೆದು ಒಂದೊಂದೇ ಫ್ರೇಮ್ ಬರೆದುಕೊಂಡರು. ಆ ವಿಧಾನವನ್ನು ಯಾರು ಬೇಕಾದರೂ ಬಳಸಬಹುದು. ನಿಮ್ಮಲ್ಲೊಬ್ಬರನ್ನು ಕಾಲೇಜು ಮೈದಾನದಲ್ಲಿ ಓಡಿಸಿ, ಮೊಬೈಲಿನಲ್ಲಿ ಶೂಟ್ ಮಾಡಿ, ಬರೆಯಿರಿ.

ಜಾಗ ಬೇಕಾ? ಬೀದರ್‌ಗೆ ಹೋಗಿ ಬನ್ನಿ. ಬಹಮನಿ ಸುಲ್ತಾನರ ಕಾಲದಲ್ಲಿ ಪರ್ಷಿಯಾದ ವಿಧಾನದಲ್ಲೇ ತೋಡಿದ ನೀರಿನ ಸುರಂಗ, ಕರೇಜ್, ನೌಬಾದ್ ಹತ್ತಿರ ಇದೆ. ಕತ್ತಲೆ ಸುರಂಗ, ಮೇಲಿನಿಂದ ಸಾಲಾಗಿ ಇಳಿಯುವ ಬಾವಿಗಳು, ಆ ಬಾಯಿಂದ ಬೀಳುವ ಬೆಳಕು. ಸೈಡ್‌ನಿಂದ ನೋಡುವ ಗೇಮ್‌ಗೆ ಇದಕ್ಕಿಂತ ಒಳ್ಳೆ ಲೆವೆಲ್ ಡಿಸೈನ್ ನಾನಂತೂ ನೋಡಿಲ್ಲ.

ಹೊಸ ಹೆಸರು ಇಡುವ ಮುಂಚೆ ಟ್ರೇಡ್‌ಮಾರ್ಕ್ ಕಚೇರಿಯ ವೆಬ್‌ಸೈಟಿನಲ್ಲಿ ಹುಡುಕಿ ನೋಡಿ, ದುಡ್ಡು ಕೊಡಬೇಕಿಲ್ಲ. ನೀವು ಮೂವರೂ ಯಾವ ಭಾಗ ಯಾರದ್ದು ಅಂತ ಒಂದು ಕಾಗದದಲ್ಲಿ ಬರೆದು ಸಹಿ ಹಾಕಿಕೊಳ್ಳಿ. ಹಳೆಯ ಟ್ಯೂನ್ ಮತ್ತು ಲೆವೆಲ್ ಫೈಲ್‌ಗಳನ್ನು ಈಗಲೇ ತೆಗೆದುಬಿಡಿ. ನಿಮ್ಮ ರೆಪೊ (ಗಿಟ್‌ಹಬ್‌ನಲ್ಲಿ ಕೋಡ್ ಇಡುವ ಜಾಗ) ಪಬ್ಲಿಕ್ ಆಗಿದ್ದರೆ ಅವು ಹಳೇ ಕಮಿಟ್‌ಗಳಲ್ಲೂ, ಅಂದರೆ ಹಿಂದೆ ಉಳಿಸಿದ ಆವೃತ್ತಿಗಳಲ್ಲೂ, ಉಳಿದಿರುತ್ತವೆ, ಹಾಗಾಗಿ ಹೊಸ ರೆಪೊದಿಂದಲೇ ಶುರು ಮಾಡಿ.