ಬೀರುವಿನಲ್ಲಿ ಭದ್ರವಾಗಿಟ್ಟ ಕ್ಯಾಮೆರಾಕ್ಕೆ ಫಂಗಸ್ ಏಕೆ ಹಿಡಿಯುತ್ತದೆ?

ಮಳೆ ಹಿಂದೆ ಸರಿಯುವ ಹೊತ್ತಿಗೆ ಮಲೆನಾಡು ಮತ್ತು ಕರಾವಳಿಯಿಂದ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು. ಉತ್ತರ ಕೊಟ್ಟರೂ ಮರುವರ್ಷ ಅದೇ ಪ್ರಶ್ನೆ ಬರುತ್ತದೆ, ಜೊತೆಗೆ ಯಾರೋ ಹೇಳಿದ ಹೊಸದೊಂದು ತಪ್ಪು ಉಪಾಯವೂ ಬರುತ್ತದೆ. ಆದ್ದರಿಂದ ಈ ಸಲ ಹೆಚ್ಚಿನ ಜಾಗವನ್ನು ಅದಕ್ಕೇ ಕೊಡುತ್ತಿದ್ದೇನೆ.

ಪ್ರಶ್ನೆ: ಜೂನ್ ತಿಂಗಳಲ್ಲಿ ಡಿಎಸ್‌ಎಲ್‌ಆರ್ ಕ್ಯಾಮೆರಾವನ್ನು ಅದರ ಚೀಲದಲ್ಲೇ ಇಟ್ಟು, ಎರಡು ಸಿಲಿಕಾ ಜೆಲ್ ಪೊಟ್ಟಣಗಳನ್ನೂ ಹಾಕಿ, ಬೀರುವಿನಲ್ಲಿ ಭದ್ರವಾಗಿಟ್ಟಿದ್ದೆ. ಗಣೇಶನ ಹಬ್ಬಕ್ಕೆ ತೆಗೆದು ನೋಡಿದರೆ ಲೆನ್ಸ್ ಒಳಗೆ ಜೇಡರ ಬಲೆಯಂಥ ಗೆರೆಗಳಿವೆ. ಬಿಸಿಲಿಗಿಟ್ಟರೆ ಹೋಗುತ್ತದೆಯೇ? ಇಲ್ಲಿನ ಅಂಗಡಿಯವರು ಬಿಚ್ಚಿ ಸ್ಪಿರಿಟ್‌ನಲ್ಲಿ ಒರೆಸಿಕೊಡುತ್ತೇವೆ ಎನ್ನುತ್ತಾರೆ. ಕೊಡಬಹುದೇ? (ತೀರ್ಥಹಳ್ಳಿ)

ಉತ್ತರ: ಬಿಸಿಲಿಗೆ ಇಡಬೇಡಿ. ಬಿಸಿಲಿನ ಅತಿನೇರಳೆ ಕಿರಣಗಳು ಫಂಗಸ್ ಬೆಳೆಯುವುದನ್ನು ತಡೆಯಬಹುದು, ಆದರೆ ಈಗಾಗಲೇ ಬೆಳೆದ ಎಳೆಗಳನ್ನು ಅಳಿಸಲಾರವು. ಅವು ಸ್ರವಿಸುವ ಆಮ್ಲದಿಂದ ಗಾಜಿನ ಮೇಲಿನ ಲೇಪನ ತಿಂದುಹೋಗಿದ್ದರೆ ಅದೂ ಮರಳಿ ಬರುವುದಿಲ್ಲ. ಇದಕ್ಕೆ ಬದಲಾಗಿ ಆಗುವ ಹಾನಿ ಖಚಿತ: ಕಾವಿಗೆ ಲೆನ್ಸ್ ಒಳಗಿನ ಗ್ರೀಸ್ ತೆಳುವಾಗಿ, ಒಳಬರುವ ಬೆಳಕನ್ನು ಹೆಚ್ಚುಕಡಿಮೆ ಮಾಡುವ ಅಪರ್ಚರ್‌ನ ಅಲಗುಗಳಿಗೆ ಹರಿಯುತ್ತದೆ, ಮತ್ತು ಕ್ಯಾಮೆರಾಕ್ಕೆ ಜೋಡಿಸಿದ ಲೆನ್ಸನ್ನು ಸೂರ್ಯನತ್ತ ತಿರುಗಿಸಿಟ್ಟರೆ ಭೂತಗನ್ನಡಿಯಿಂದ ಕಾಗದ ಸುಟ್ಟಂತೆ ಒಳಭಾಗಗಳು ಸುಡುತ್ತವೆ.

ಮೊದಲು ಹಾನಿ ಎಷ್ಟೆಂದು ನೋಡಿ. ಲೆನ್ಸನ್ನು ಕ್ಯಾಮೆರಾದಿಂದ ಬಿಡಿಸಿ, ಕತ್ತಲ ಕೋಣೆಯಲ್ಲಿ ಹಿಂಬದಿಯಿಂದ ಓರೆಯಾಗಿ ಟಾರ್ಚ್ ಬಿಟ್ಟು, ಮುಂಬದಿಯಿಂದ ನೋಡಬೇಕು. ಬಿಡಿಬಿಡಿಯಾಗಿ ಕಾಣುವ ಚುಕ್ಕೆಗಳು ಧೂಳು, ಅವು ಇಲ್ಲದ ಲೆನ್ಸೇ ಇಲ್ಲ. ಒಂದು ಬಿಂದುವಿನಿಂದ ಕವಲೊಡೆದು ಹಬ್ಬಿದ ನವಿರಾದ ಎಳೆಗಳಿದ್ದರೆ ಅದು ಫಂಗಸ್. ಅಂಚಿನಲ್ಲಿ ಉಗುರಿನ ತುದಿಯಷ್ಟು ಮಾತ್ರ ಇದ್ದರೆ ಸಾಮಾನ್ಯ ಚಿತ್ರಗಳಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಬೆಳಕಿಗೆ ಎದುರಾಗಿ ತೆಗೆದ ಚಿತ್ರ ಮಬ್ಬಾಗಿ, ಅದರಲ್ಲಿನ ಕಪ್ಪು ಭಾಗಗಳು ಬೂದು ಬಣ್ಣದಲ್ಲಿ ಕಂಡರೆ ಮಾತ್ರ ರಿಪೇರಿಯ ಯೋಚನೆ ಮಾಡಿ.

ಸ್ಪಿರಿಟ್‌ನಲ್ಲಿ ಒರೆಸುವುದು ಕಷ್ಟವಲ್ಲ. ಒಳಗಿನ ಗಾಜುಗಳನ್ನು ಬಿಚ್ಚಿ ಮತ್ತೆ ಅದೇ ಕ್ರಮದಲ್ಲಿ, ಅದೇ ಅಂತರದಲ್ಲಿ, ಕೂದಲೆಳೆಯಷ್ಟೂ ಓರೆಯಾಗದಂತೆ ಕೂರಿಸುವುದು ಕಷ್ಟ. ಓರೆಯಾದರೆ ಚಿತ್ರದ ಒಂದು ಬದಿ ಸ್ಪಷ್ಟವಾಗಿದ್ದು ಇನ್ನೊಂದು ಬದಿ ಶಾಶ್ವತವಾಗಿ ಮಸುಕಾಗುತ್ತದೆ. ಹೀಗಾಗಿ ಕೊಡುವ ಮುನ್ನ ಇಟ್ಟಿಗೆ ಗೋಡೆಯೊಂದನ್ನು ನೇರವಾಗಿ ನಿಂತು ಚಿತ್ರೀಕರಿಸಿಟ್ಟುಕೊಳ್ಳಿ, ವಾಪಸ್ ಪಡೆಯುವಾಗ ಅದೇ ಗೋಡೆಯ ಚಿತ್ರ ತೆಗೆದು ನಾಲ್ಕೂ ಮೂಲೆಗಳನ್ನು ಹೋಲಿಸಿ. ಜೋಡಿಸಿದ ಮೇಲೆ ಯಾವುದರಿಂದ ಪರೀಕ್ಷಿಸುತ್ತೀರಿ ಎಂಬ ಪ್ರಶ್ನೆಗೆ ಉತ್ತರ ಕೊಡದ ಅಂಗಡಿಗೆ ನಾನಾದರೆ ಲೆನ್ಸ್ ಕೊಡುವುದಿಲ್ಲ. ನಿಮ್ಮದು ಕ್ಯಾಮೆರಾದ ಜೊತೆಗೇ ಬಂದ 18-55 ಲೆನ್ಸ್ ಆಗಿದ್ದರೆ, ರಿಪೇರಿಯ ವೆಚ್ಚ ಕೇಳಿ, ಅದೇ ಲೆನ್ಸ್ ಸೆಕೆಂಡ್ ಹ್ಯಾಂಡ್‌ನಲ್ಲಿ ಎಷ್ಟಕ್ಕೆ ಸಿಗುತ್ತದೆಂದು ವಿಚಾರಿಸಿದ ಮೇಲೆ ನಿರ್ಧರಿಸಿ.

ಇನ್ನು, ಇಷ್ಟು ಜೋಪಾನ ಮಾಡಿಯೂ ಫಂಗಸ್ ಏಕೆ ಬಂತು ಎಂಬುದು. ಗಾಳಿಯ ತೇವಾಂಶ ಶೇ 60 ದಾಟಿ ವಾರಗಟ್ಟಲೆ ಹಾಗೆಯೇ ಉಳಿದರೆ, ಕತ್ತಲಲ್ಲಿ, ಗಾಳಿಯಾಡದ ಜಾಗದಲ್ಲಿ ಅದು ಬೆಳೆಯುತ್ತದೆ. ಆಗುಂಬೆಯ ಆಸುಪಾಸಿನ ನಿಮ್ಮ ಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವಾಂಶ ಅದಕ್ಕಿಂತ ಕೆಳಗಿಳಿಯುವುದೇ ಅಪರೂಪ. ಕ್ಯಾಮೆರಾ ಚೀಲದ ಸ್ಪಂಜು ಮತ್ತು ಬಟ್ಟೆ ಆ ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತವೆ. ಚೀಲ ಹೊರಗೆ ಒಯ್ಯಲು ಇರುವುದೇ ಹೊರತು ಮಳೆಗಾಲದಲ್ಲಿ ಕ್ಯಾಮೆರಾ ಇಡಲು ಅಲ್ಲ. ಸಿಲಿಕಾ ಜೆಲ್ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ನೀರನ್ನು ಮಾತ್ರ ಹೀರಬಲ್ಲದು. ಐದು ಗ್ರಾಂ ಪೊಟ್ಟಣವೊಂದು ಹೀರುವುದು ಎರಡು ಗ್ರಾಂಗಿಂತ ಕಡಿಮೆ, ಬೀರುವಿನ ಬಾಗಿಲ ಸಂದಿಯಲ್ಲಿ ಬರುವ ತೇವಕ್ಕೆ ಲೆಕ್ಕವಿಲ್ಲ. ಒಮ್ಮೆ ತುಂಬಿದ ಪೊಟ್ಟಣ ಅಲ್ಲಿದ್ದೂ ಇಲ್ಲದಂತೆ.

ಅಡುಗೆಮನೆಯಲ್ಲಿ ಬಳಸುವ, ಮುಚ್ಚಳಕ್ಕೆ ರಬ್ಬರ್ ಪಟ್ಟಿ ಇರುವ ದೊಡ್ಡ ಪ್ಲಾಸ್ಟಿಕ್ ಡಬ್ಬಿ ತನ್ನಿ. ಅದರಲ್ಲಿ ಚೀಲವಿಲ್ಲದೆ ಕ್ಯಾಮೆರಾ ಮತ್ತು ಲೆನ್ಸ್, ಬಟ್ಟೆಯ ಗಂಟಿನಲ್ಲಿ ಕಾಲು ಕಿಲೋ ಕಿತ್ತಳೆ ಬಣ್ಣದ ಸಿಲಿಕಾ ಜೆಲ್, ಮತ್ತು ಕೆಲವು ನೂರು ರೂಪಾಯಿಗೆ ಸಿಗುವ ತೇವಾಂಶ ಮಾಪಕ ಇಡಿ. ಮಾಪಕ ಶೇ 40ರಿಂದ 50 ತೋರಿಸಬೇಕು. ಶೇ 30ಕ್ಕಿಂತ ಒಣಗಿಸುವುದೂ ರಬ್ಬರಿಗೆ ಒಳ್ಳೆಯದಲ್ಲ. ಹರಳುಗಳ ಕಿತ್ತಳೆ ಬಣ್ಣ ಮಾಸಿ ಹಸಿರಿಗೆ ತಿರುಗಿದಾಗ ಓವನ್‌ನಲ್ಲಿ ಸುಮಾರು 120 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿ, ಆರಿದ ಮೇಲೆ ಮರಳಿ ಬಳಸಿ. ನೀಲಿ ಹರಳುಗಳಲ್ಲಿ ವಿಷಕಾರಿಯಾದ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಮಕ್ಕಳಿರುವ ಮನೆಗೆ ಅವು ಬೇಡ. ನಾಲ್ಕೈದು ಲೆನ್ಸ್ ಇರುವವರು, ಒಳಗಿನ ತೇವಾಂಶವನ್ನು ತಾನೇ ಹತೋಟಿಯಲ್ಲಿಡುವ ವಿದ್ಯುತ್ ಕಪಾಟಾದ ಡ್ರೈ ಕ್ಯಾಬಿನೆಟ್ ಕೊಳ್ಳಲಿ.

ಡಾಂಬರು ಗುಳಿಗೆ, ಅಕ್ಕಿ, ಉಪ್ಪು ಯಾವುದೂ ಕ್ಯಾಮೆರಾದ ಹತ್ತಿರ ಸುಳಿಯಬಾರದು. ಹಳೆಯ ಸ್ಟುಡಿಯೋದವರು ಕಪಾಟಿನಲ್ಲಿ ಜೀರೋ ಬಲ್ಬ್ ಉರಿಸುತ್ತಿದ್ದುದು ನಿಜ. ಹೆಸರಿಗೆ ಜೀರೋ ಆದರೂ ಅದು 12ರಿಂದ 15 ವಾಟ್ ತಿಂದು ಕಪಾಟನ್ನು ಬೆಚ್ಚಗಿಡುತ್ತಿತ್ತು, ಕೆಲಸ ಮಾಡುತ್ತಿದ್ದುದು ಆ ಕಾವು. ಅದರ ಜಾಗದಲ್ಲಿ ಎಲ್‌ಇಡಿ ಬಲ್ಬ್ ಹಾಕಿ ಸುಮ್ಮನಾದವರಿಗೆ ಬೆಳಕು ಮಾತ್ರ ಸಿಗುತ್ತದೆ.

ಪ್ರಶ್ನೆ: ಪ್ಲಗ್‌ಗೆ ಸಿಕ್ಕಿಸಿದರೆ ಕರೆಂಟ್ ಬಿಲ್ ಅರ್ಧವಾಗುತ್ತದೆ ಎಂಬ ಪವರ್ ಸೇವರ್ ಡಬ್ಬಿ ಕೊಳ್ಳಬಹುದೇ? (ಹುಬ್ಬಳ್ಳಿ)

ಉತ್ತರ: ಅದು ಶುದ್ಧ ಮೋಸ. ಒಳಗಿರುವುದು ಒಂದು ಸಣ್ಣ ಕೆಪಾಸಿಟರ್ ಮತ್ತು ಒಂದು ದೀಪ. ಮನೆಯ ಬಿಲ್ ಬರುವುದು ನೀವು ನಿಜವಾಗಿ ಬಳಸಿದ ಯೂನಿಟ್‌ಗಳ ಮೇಲೆ, ಅದನ್ನು ಕೆಪಾಸಿಟರ್ ತಗ್ಗಿಸಲಾರದು. ಜಾತ್ರೆಯಲ್ಲೂ ಆನ್‌ಲೈನ್‌ನಲ್ಲೂ ಇದನ್ನು ಮಾರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಏಕೆಂದರೆ ಇದನ್ನು ಕೊಳ್ಳುವವರು ಬಿಲ್ ಕಟ್ಟಲು ಕಷ್ಟಪಡುವವರೇ.

ಪ್ರಶ್ನೆ: ಮೊಬೈಲ್ ನೀರಿಗೆ ಬಿದ್ದರೆ ಅಕ್ಕಿಯಲ್ಲಿ ಎಷ್ಟು ದಿನ ಇಡಬೇಕು? (ಕುಂದಾಪುರ)

ಉತ್ತರ: ಇಡಲೇಬಾರದು. ತಕ್ಷಣ ಆಫ್ ಮಾಡಿ, ಒರೆಸಿ, ಫ್ಯಾನ್ ಗಾಳಿಗೆ ಇಟ್ಟು, ಚಾರ್ಜ್‌ಗೆ ಹಾಕದೆ ಸರ್ವಿಸ್ ಸೆಂಟರ್‌ಗೆ ಒಯ್ಯಿರಿ.

ಪ್ರಶ್ನೆ: ಕಂಪ್ಯೂಟರ್‌ನಲ್ಲಿ ಆಗಾಗ ರಿಫ್ರೆಶ್ ಒತ್ತಿದರೆ ವೇಗ ಹೆಚ್ಚುತ್ತದೆಯೇ? (ಮೈಸೂರು)

ಉತ್ತರ: ಇಲ್ಲ.

ಪ್ರಶ್ನೆ: ವಿಂಡೋಸ್ 10 ಚೆನ್ನಾಗಿಯೇ ನಡೆಯುತ್ತಿದೆ, ಬದಲಿಸಲೇಬೇಕೇ? (ದಾವಣಗೆರೆ)

ಉತ್ತರ: ಅದಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಭದ್ರತಾ ಅಪ್‌ಡೇಟ್ ಬರದ ಯಂತ್ರದಲ್ಲಿ ಪತ್ರ ಟೈಪ್ ಮಾಡಿಕೊಳ್ಳಿ, ಬ್ಯಾಂಕಿನ ಪಾಸ್‌ವರ್ಡ್ ಮಾತ್ರ ಹಾಕಬೇಡಿ.