ನಕಲು ಶುರುವಾಗುವ ಜಾಗಕ್ಕೆ ವಿಳಾಸವಿದೆಯೇ?

ಓದುಗರೊಬ್ಬರು ಬರೆದಿದ್ದಾರೆ: "ಡಿಎನ್‌ಎ ನಕಲು ಒಂದು ಗೊತ್ತಾದ ಜಾಗದಿಂದಲೇ ಶುರುವಾಗುತ್ತದೆ ಎಂದು ಪಾಠದಲ್ಲಿದೆ. ಮನುಷ್ಯನಲ್ಲಿ ಅಂಥ ಜಾಗವೇ ಇಲ್ಲ ಅಂತ ಇನ್ನೊಂದು ಕಡೆ ಓದಿದೆ. ಯಾವುದು ಸರಿ? ಬಳಸದ ಜಾಗಗಳನ್ನೂ ಜೀವಕೋಶ ಸಿದ್ಧ ಮಾಡಿಡುತ್ತದಂತೆ, ಯಾಕೆ?"

ನಿಮ್ಮ ಪಾಠ ಹೇಳಿದ್ದು ಬ್ಯಾಕ್ಟೀರಿಯಾದ ಕಥೆ. ಅಲ್ಲಿ ಅದು ಸರಿಯೇ. ಇ. ಕೋಲೈಯಲ್ಲಿ ಸುಮಾರು 46 ಲಕ್ಷ ಅಕ್ಷರಗಳ (ಎ, ಟಿ, ಜಿ, ಸಿ ಎಂಬ ರಾಸಾಯನಿಕ ಘಟಕಗಳ) ಡಿಎನ್‌ಎ ಇದೆ, ಶುರುವಾಗುವ ಜಾಗ ಒಂದೇ. ಅಲ್ಲಿನ ಅಕ್ಷರಗಳನ್ನು ಗುರುತು ಹಿಡಿದು ಒಂದು ಪ್ರೋಟೀನ್ ಬಂದು ಕೂರುತ್ತದೆ, ಕೆಲಸ ಶುರು. 1963ರಲ್ಲಿ ಜಾಕೋಬ್, ಬ್ರೆನ್ನರ್ ಮತ್ತು ಕುಜಾಂ ಮುಂದಿಟ್ಟ ಮಾದರಿಯೂ ಇದೇ. ಬೇಕರಿ ಯೀಸ್ಟ್‌ನಲ್ಲಿ ಇಂಥ ಜಾಗಗಳು ನೂರಾರು. ಆದರೂ ಗುರುತಿಗೆ 11 ಅಕ್ಷರಗಳ ಒಂದು ಸಾಲು ಸಿಗುತ್ತದೆ.

ಸಸ್ತನಿಗಳಿಗೆ ಬಂದರೆ ಲೆಕ್ಕವೇ ಬೇರೆ. ನಮ್ಮ 1ನೇ ಕ್ರೋಮೋಸೋಮ್ ಒಂದರಲ್ಲೇ ಸುಮಾರು 25 ಕೋಟಿ ಅಕ್ಷರಗಳಿವೆ. ನಕಲು ಮಾಡುವ ಯಂತ್ರ ನಿಮಿಷಕ್ಕೆ ಹೆಚ್ಚೆಂದರೆ ಎರಡು ಸಾವಿರ ಅಕ್ಷರ ದಾಟುತ್ತದೆ ಅನ್ನೋಣ. ಸರಿಯಾಗಿ ನಡುವಿನಿಂದ ಶುರುಮಾಡಿ ಎರಡೂ ಕಡೆಗೆ ಹೋದರೂ ಮುಗಿಯಲು 43 ದಿನ ಬೇಕು. ಜೀವಕೋಶ ಅದನ್ನು ಎಂಟು ತಾಸಿನ ಆಸುಪಾಸಿನಲ್ಲಿ ಮುಗಿಸುತ್ತದೆ. ಅಂದರೆ ಒಂದೊಂದು ಜೀವಕೋಶದಲ್ಲೂ ಹತ್ತಾರು ಸಾವಿರ ಕಡೆ ಕೆಲಸ ಶುರುವಾಗಲೇಬೇಕು.

ಇದನ್ನು ಕಣ್ಣಿಗೆ ಕಾಣುವಂತೆ ತೋರಿಸಿದವರು ಹ್ಯೂಬರ್‌ಮನ್ ಮತ್ತು ರಿಗ್ಸ್, 1968ರಲ್ಲಿ. ಹ್ಯಾಮ್‌ಸ್ಟರ್ ಜೀವಕೋಶಗಳಿಗೆ ವಿಕಿರಣ ಸೂಸುವ ಥೈಮಿಡಿನ್ ಕೊಟ್ಟರು; ಹೊಸದಾಗಿ ನಕಲಾಗುವ ಡಿಎನ್‌ಎಗೆ ಸೇರಿಕೊಳ್ಳುವ ಕಚ್ಚಾವಸ್ತು ಅದು. ಆಮೇಲೆ ಡಿಎನ್‌ಎ ಎಳೆಗಳನ್ನು ಹರಡಿ, ಮೇಲೆ ಫೋಟೋ ಫಿಲ್ಮಿನ ಲೇಪ ಹಚ್ಚಿ, ಕತ್ತಲಲ್ಲಿ ಇಟ್ಟು ಕಾದರು. ಒಂದೇ ಎಳೆಯ ಮೇಲೆ ಕಪ್ಪು ಚುಕ್ಕಿಗಳ ಗೆರೆಗಳು ಒಂದರ ಹಿಂದೆ ಒಂದು ಸಾಲಾಗಿ ಮೂಡಿದವು. ನಡುವೆ ವಿಕಿರಣದ ಪ್ರಮಾಣ ತಗ್ಗಿಸಿದಾಗ ಗೆರೆಯ ಎರಡೂ ತುದಿಗಳಲ್ಲಿ ಚುಕ್ಕಿಗಳು ವಿರಳವಾದವು. ಅಂದರೆ ಪ್ರತಿ ಆರಂಭದಿಂದಲೂ ನಕಲು ಎರಡು ದಿಕ್ಕಿಗೆ ಸಾಗುತ್ತಿತ್ತು. ನನ್ನನ್ನು ಕೇಳಿದರೆ ಈ ವಿಷಯದ ಅತಿ ಚಂದದ ಪ್ರಯೋಗ ಇದೇ.

ಎಷ್ಟು ಕಡೆ ಅನ್ನುವುದು ಸರಿಹೋಯಿತು. ಎಲ್ಲಿ ಅನ್ನುವುದು ಮಾತ್ರ ತಲೆನೋವಾಗಿಯೇ ಉಳಿಯಿತು. ಅದೇ ಹ್ಯಾಮ್‌ಸ್ಟರ್‌ನ ಡಿಎಚ್‌ಎಫ್‌ಆರ್ ಜೀನ್ ಪಕ್ಕದ ಜಾಗವನ್ನು ನೋಡಿ. ಒಂದು ವಿಧಾನದಲ್ಲಿ ಅಳೆದವರಿಗೆ ಅಲ್ಲಿ ಒಂದು ಕಿರಿದಾದ ತಾಣ ಸಿಕ್ಕಿತು. ಇನ್ನೊಂದು ವಿಧಾನದಲ್ಲಿ ಅಳೆದ ಜಾಯ್ಸ್ ಹ್ಯಾಮ್ಲಿನ್ ತಂಡಕ್ಕೆ ಸುಮಾರು 55,000 ಅಕ್ಷರಗಳ ಉದ್ದಕ್ಕೂ ಎಲ್ಲೆಂದರಲ್ಲಿ ಶುರುವಾಗುವುದು ಕಂಡಿತು. ವರ್ಷಗಟ್ಟಲೆ ಜಗ್ಗಾಟ ನಡೆಯಿತು. ಕೊನೆಗೆ ಆ ಕಿರಿದಾದ ತಾಣವನ್ನೇ ಕತ್ತರಿಸಿ ತೆಗೆದು ನೋಡಿದರು. ನಕಲೇನೂ ನಿಲ್ಲಲಿಲ್ಲ! ಅಕ್ಕಪಕ್ಕದಿಂದ ಶುರುವಾಯಿತು.

ನೀವು ಓದಿದ ಎರಡು ಮಾತುಗಳ ಜಗಳವೂ ಸುಮಾರಾಗಿ ಇದೇ. ಲಕ್ಷಾಂತರ ಜೀವಕೋಶಗಳನ್ನು ಒಟ್ಟಿಗೆ ಅಳೆದರೆ, ಹೆಚ್ಚು ಸಲ ಶುರುವಾಗುವ ಜಾಗಗಳು ಎದ್ದು ಕಾಣುತ್ತವೆ. ಒಂದೊಂದೇ ಎಳೆಯನ್ನು ಬಿಡಿಸಿ ನೋಡಿದರೆ, ಈ ಜೀವಕೋಶದಲ್ಲಿ ಇಲ್ಲಿ, ಪಕ್ಕದ್ದರಲ್ಲಿ ಅಲ್ಲಿ. ಹಾಗಂತ ಮನಸ್ಸಿಗೆ ಬಂದ ಕಡೆ ಅಂತಲೂ ಅಲ್ಲ. ಸಡಿಲವಾಗಿ ತೆರೆದುಕೊಂಡ ಭಾಗಗಳು, ಚುರುಕಾದ ಜೀನ್‌ಗಳ ಆರಂಭದ ಆಸುಪಾಸು, ಅಂಥ ಜೀನ್‌ಗಳ ನಡುವಿನ ಜಾಗ, ಇಲ್ಲೆಲ್ಲ ಸಾಧ್ಯತೆ ಜಾಸ್ತಿ.

ಇದರ ಹಿಂದಿನ ಕೆಲಸ ಎರಡು ಹಂತದ್ದು. ನಕಲಿಗೂ ಮೊದಲೇ ಓಆರ್‌ಸಿ ಎಂಬ ಪ್ರೋಟೀನ್‌ಗಳ ಗುಂಪು ಡಿಎನ್‌ಎ ಮೇಲೆ ಕೂತು, ಎಂಸಿಎಂ ಎಂಬ ಪ್ರೋಟೀನ್ ಉಂಗುರಗಳನ್ನು (ಮುಂದೆ ಡಿಎನ್‌ಎಯ ಎರಡು ಎಳೆಗಳನ್ನು ಬಿಡಿಸುವವು ಇವೇ) ಜೋಡಿಯಾಗಿ ತೊಡಿಸುತ್ತದೆ. ಯೀಸ್ಟ್‌ನ ಓಆರ್‌ಸಿ ಅಕ್ಷರ ನೋಡಿ ಕೂರುತ್ತದೆ. ನಮ್ಮದು ಅಕ್ಷರಗಳ ಬಗ್ಗೆ ಅಷ್ಟಾಗಿ ತಲೆಕೆಡಿಸಿಕೊಳ್ಳುವುದಿಲ್ಲ. ಉಂಗುರಗಳು ಧಾರಾಳವಾಗಿ ಹರಡುತ್ತವೆ. ಆಮೇಲೆ ನಕಲಿನ ಹೊತ್ತಿಗೆ ಬೇರೆ ಪ್ರೋಟೀನ್‌ಗಳು ಬಂದು ಅವುಗಳಲ್ಲಿ ಕೆಲವನ್ನು ಮಾತ್ರ ಚಾಲೂ ಮಾಡುತ್ತವೆ. ಬಿತ್ತಿದ್ದೆಲ್ಲ ಮೊಳೆಯುವುದಿಲ್ಲ, ಅಲ್ವಾ? ಹಾಗೇ. ನಕಲು ನಡೆಯುವಾಗ ಜೀವಕೋಶ ಹೊಸದಾಗಿ ಉಂಗುರ ತೊಡಿಸಲು ಬಿಡುವುದಿಲ್ಲ, ಬಿಟ್ಟರೆ ಅದೇ ಜಾಗ ಎರಡು ಸಲ ನಕಲಾಗಿಬಿಡುತ್ತದೆ.

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ದಾರಿಯಲ್ಲಿ ಒಂದು ಯಂತ್ರ ಸಿಕ್ಕಿಹಾಕಿಕೊಂಡರೆ, ಅಕ್ಕಪಕ್ಕದಲ್ಲಿ ಸುಮ್ನೆ ಕೂತಿದ್ದ ಉಂಗುರಗಳು ಎದ್ದು ಉಳಿದದ್ದನ್ನು ಮುಗಿಸುತ್ತವೆ. ಪ್ರಯೋಗದಲ್ಲಿ ಎಂಸಿಎಂ ಪ್ರಮಾಣವನ್ನು ಬಹಳಷ್ಟು ತಗ್ಗಿಸಿದರೂ ಜೀವಕೋಶಗಳು ಹಾಯಾಗಿ ಬೆಳೆದವು. ಹೈಡ್ರಾಕ್ಸಿಯೂರಿಯಾ ಎಂಬ ಔಷಧಿ ಹಾಕಿ ನಕಲಿನ ವೇಗ ಕುಗ್ಗಿಸಿದಾಗಷ್ಟೇ ಪೇಚಿಗೆ ಬಿದ್ದವು.

ಆರಂಭಗಳೇ ಇಲ್ಲದ ಉದ್ದನೆಯ ಪಟ್ಟಿ ಇದ್ದರೆ? 3ನೇ ಕ್ರೋಮೋಸೋಮ್‌ನ ಎಫ್‌ಆರ್‌ಎ3ಬಿ ಅಂಥದ್ದು, ಬೇಗ ತುಂಡಾಗುವ ಜಾಗ ಅಂತಲೇ ಅದಕ್ಕೆ ಹೆಸರು. ಬಿಳಿ ರಕ್ತಕಣಗಳ ಜಾತಿಯ ಜೀವಕೋಶಗಳಲ್ಲಿ ಅದರ ನಡುಭಾಗದ ಲಕ್ಷಗಟ್ಟಲೆ ಅಕ್ಷರಗಳಲ್ಲಿ ಒಂದು ಆರಂಭವೂ ಸಿಗುವುದಿಲ್ಲ. ಎರಡು ಬದಿಯಿಂದ ಬರುವ ಯಂತ್ರಗಳೇ ಅಷ್ಟನ್ನೂ ದಾಟಬೇಕು. ತಡವಾದರೆ ಮುರಿಯುತ್ತದೆ. ಚರ್ಮದ ಕೆಳಗಿನ ಫೈಬ್ರೋಬ್ಲಾಸ್ಟ್‌ಗಳಲ್ಲಿ ಅಕ್ಷರಗಳು ಅವೇ. ಆದರೆ ಅಲ್ಲಿ ಆರಂಭಗಳಿವೆ, ಆ ಜಾಗ ಹಾಗೆ ಮುರಿಯುವುದೂ ಇಲ್ಲ.